ಹಳದಿ ಬಣ್ಣದ ಕೆಳಗೆ

"ಬಣ್ಣ ಗುಳ್ಳೆ ಎದ್ದಿದೆ ಅಷ್ಟೇ ಕಣಮ್ಮ. ಬಿಸಿಲಿಗೆ ಎಂಥ ಬಣ್ಣವಾದ್ರೂ ಏಳುತ್ತೆ," ಎಂದರು ಮಾವ, ಸೊಸೆಯ ಹೆಗಲ ಮೇಲಿಂದ ಬಗ್ಗಿ ನೋಡುತ್ತ.

ಮನೆಯಲ್ಲಿ ಅವಳು ಸೊಸೆ. ಈ ಶೆಡ್ಡಿನಲ್ಲಿ ಮೆಕ್ಯಾನಿಕ್. ಅವಳು ಹೂಂ ಅನ್ನದೆ ಮಾವನ ವಿಮಾನ ನೀರಿಗಿಳಿಯುವಂತಿರಲಿಲ್ಲ. ಗಾಲಿಯ ಬದಲು ದೋಣಿಯಂಥ ಎರಡು ಫ್ಲೋಟುಗಳ ಮೇಲೆ ನಿಂತ ಪುಟ್ಟ ವಿಮಾನ ಅದು. ಸಮುದ್ರದಿಂದ ಎದ್ದು ಸಮುದ್ರಕ್ಕೇ ಇಳಿಯುವಂಥದ್ದು. ಎಡಗಡೆಯ ಫ್ಲೋಟನ್ನು ವಿಮಾನದ ಹೊಟ್ಟೆಗೆ ಬಿಗಿದ ಕಂಬಿಯ ಬುಡದಲ್ಲಿ, ಕೊಂಡಿಯ ಮೇಲೆ, ಬಟಾಣಿ ಗಾತ್ರದ ಗುಳ್ಳೆ. ಅವಳು ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೇಲಿಟ್ಟು ಮೆಲ್ಲಗೆ ಒತ್ತಿದಳು. ತುದಿ ಹಾಗೇ ಒಳಗೆ ಹೋಯಿತು. ಹೊರಗೆಳೆದಾಗ ಬೂದಿಯಂಥ ಬಿಳಿ ಪುಡಿ ಉದುರಿತು.

ಮಾವ ಮಂಡಿಯೂರಿ ಆ ಪುಡಿಯನ್ನು ಅಂಗೈಗೆ ಹಿಡಿದರು.

ಆ ಬಣ್ಣದ್ದೇ ಒಂದು ಕಥೆ. ಜೀವಮಾನವೆಲ್ಲ ಊರವರನ್ನು ದ್ವೀಪಗಳಿಗೆ ಹೊತ್ತೊಯ್ದ ಮನುಷ್ಯನಿಗೆ ಸ್ವಂತ ಹೆಂಡತಿಯನ್ನು ಹತ್ತಿಸಲಾಗಿರಲಿಲ್ಲ. ಅತ್ತೆಗೆ ಒಂದು ಸಲ ಮೊಣಕಾಲು ನೋವು, ಒಂದು ಸಲ ಗಾಳಿ ಜೋರು, ಇನ್ನೊಂದು ಸಲ ಒಲೆಯ ಮೇಲೆ ಹಾಲು. ಕೊನೆಗೆ ಗಂಡನ ಬಾಯಿ ಮುಚ್ಚಿಸಲೆಂದೇ, ಈ ಬೂದುಬಣ್ಣದ್ದಕ್ಕೆ ತಾನು ಹತ್ತೋಳಲ್ಲ, ಹಳದಿ ಬಳಿದರೆ ನೋಡೋಣ ಅಂದುಬಿಟ್ಟರು. ಅವತ್ತೇ ಸಂಜೆ ಮಾವ ಬ್ರಷ್ಷು ಹಿಡಿದರು. ಹಾರಾಟ ಮುಗಿದ ಮೇಲೆ ಸಿಹಿನೀರಿನಲ್ಲಿ ಉಪ್ಪು ತೊಳೆಯಲೇಬೇಕು ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವರು, ಆ ಒಂದು ಸಂಜೆ ಖುಷಿಯಲ್ಲಿ ಉಪ್ಪಿನ ಮೇಲೇ ಹಳದಿ ಎಳೆದರು. ಅತ್ತೆ ಇವತ್ತು ಹತ್ತುತ್ತೇನೆಂದು ಮನಸ್ಸು ಮಾಡುವಷ್ಟರಲ್ಲಿ ಬೇಸಿಗೆ ಹೋಗಿ ಚಳಿಗಾಲ ಬಂತು. ಉಪ್ಪು ಒಳಗೇ ಕೂತು, ಲೋಹವನ್ನು ತಿಂದು ಪುಡಿಮಾಡುತ್ತ ತನ್ನ ಕೆಲಸ ಮಾಡಿಕೊಂಡಿತ್ತು.

"ಒಂದೇ ಸುತ್ತು," ಎಂದರು ಮಾವ ಸಣ್ಣ ದನಿಯಲ್ಲಿ. "ಇವತ್ತು ತಪ್ಪಿದ್ರೆ ಅವಳು ಇನ್ನು ಈ ಜನ್ಮದಲ್ಲಿ ಹತ್ತಲ್ಲ."

"ಇಳಿಯುವಾಗ ಇದು ಮುರಿದ್ರೆ ಫ್ಲೋಟ್ ಕಿತ್ಕೊಂಡು ಹೋಗುತ್ತೆ, ವಿಮಾನ ಮಗುಚುತ್ತೆ. ನಿಮಗೆ ನಾನು ಹೇಳ್ಬೇಕಾ, ಮಾವ?"

ಹೇಳಬೇಕಿರಲಿಲ್ಲ. ಅವರು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಸುಮ್ಮನೆ ಉಜ್ಜುತ್ತ ನಿಂತರು. ಅವಳಿಗೂ ಹೂಂ ಅನ್ನುವ ಆಸೆ ಗಂಟಲ ತನಕ ಬಂದಿತ್ತು; ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಕೈಗೆ ಸ್ಪ್ಯಾನರ್ ಕೊಟ್ಟು ಕಲಿಸಿದವರು ಇವರೇ.

ಅಷ್ಟರಲ್ಲಿ ಅತ್ತೆ ಬಂದರು. ತಲೆಗೆ ಸ್ಕಾರ್ಫು, ಕೈಯಲ್ಲಿ ಚೀಲ, ಮುಖದಲ್ಲಿ ಹಲ್ಲು ಕೀಳಿಸಿಕೊಳ್ಳಲು ಹೊರಟವರ ಧೈರ್ಯ. ಸೊಸೆ ಬಾಯಿ ತೆರೆಯುವ ಮೊದಲೇ ಮಾವ ಹೇಳಿಬಿಟ್ಟರು.

"ಹಾರೋಕಾಗಲ್ಲ ಕಣೇ. ಉಪ್ಪು ತೊಳೀದೇ ಬಣ್ಣ ಬಳಿದುಬಿಟ್ಟೆ. ತಪ್ಪು ನಂದೇ."

ಅತ್ತೆ ವಿಮಾನವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ಅವರಿಗೆ ನೆಮ್ಮದಿಯಾಯಿತೋ ಬೇಸರವಾಯಿತೋ ಸೊಸೆಗೆ ತಿಳಿಯಲಿಲ್ಲ.

"ಸುಮ್ನೆ ಕೂತ್ಕೊಳ್ಳೋಕೂ ಆಗಲ್ವಾ?"

ಧಾರಾಳವಾಗಿ ಆಗುತ್ತೆ, ಹೇಗೂ ವಿಮಾನ ನೆಲದ ಮೇಲೆ, ಗಾಲಿಯ ಟ್ರಾಲಿ ಮೇಲೇ ಇದೆಯಲ್ಲ ಎಂದು ಸೊಸೆ ಏಣಿ ತಂದಿಟ್ಟಳು. ಅತ್ತೆ ಮೊಣಕಾಲನ್ನೂ ಏಣಿಯನ್ನೂ ಬೈಯುತ್ತ ಹತ್ತಿ ಕೂತರು. ಮಾವ ಆ ಕಡೆಯಿಂದ ಸುತ್ತಿ ಬಂದು ತಮ್ಮ ಸೀಟಿನಲ್ಲಿ ಕೂತರು.

"ಹೂಂ, ಈಗೇನ್ಮಾಡ್ತೀರಿ?" ಎಂದರು ಅತ್ತೆ.

"ವೇಗ ಹೆಚ್ಚಿಸ್ತೀನಿ. ನೀರು ಅಷ್ಟು ಬೇಗ ಬಿಡಲ್ಲ, ಹಿಡ್ಕೊಂಡೇ ಇರುತ್ತೆ. ಆಮೇಲೆ ಇದನ್ನ ಹೀಗೆ, ಮೆಲ್ಲಗೆ ಎಳೀತೀನಿ."

ಮಾವ ಎದುರಿನ ಹಿಡಿಕೆಯನ್ನು ಎಳೆದರು. ಅಲುಗಾಡದೆ ನಿಂತ ವಿಮಾನದಲ್ಲಿ ಅತ್ತೆ ಕಣ್ಣು ಮುಚ್ಚಿ, ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.