ಯಾರೂ ಬೇಡವೆನ್ನದ ಪ್ಲಾಟ್‌ಫಾರಂ

ಆಸ್ಪತ್ರೆಯೊಂದಕ್ಕೆ ರೋಗಿಗಳ ವಿವರ ಇಡುವ ವೆಬ್ ಅಪ್ಲಿಕೇಶನ್ ಬೇಕಿತ್ತು. ಅದನ್ನು ಯಾವ ಪ್ಲಾಟ್‌ಫಾರಂನಲ್ಲಿ, ಅಂದರೆ ಯಾವ ತಂತ್ರಾಂಶದ ತಳಹದಿಯ ಮೇಲೆ, ಕಟ್ಟುವುದೆಂದು ತೀರ್ಮಾನಿಸಲು ಕೂತವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಸಾಫ್ಟ್‌ವೇರ್ ಕಚೇರಿಯ ಕಟ್ಟಳೆಯೇ ಹಾಗಿತ್ತು: ಹೆಸರು ಸೂಚಿಸಿದವರ ಕೊರಳಿಗೇ ಅದರ ರಿಪೇರಿಯೂ ಬೀಳುತ್ತಿತ್ತು. ತಂಡದ ಮುಖ್ಯಸ್ಥೆ ಬಿಳಿ ಹಲಗೆಯ ಮುಂದೆ ಪೆನ್ನು ಹಿಡಿದು ನಿಂತೇ ಇದ್ದಳು.

ಕೊನೆಗೆ, ಎಲ್ಲರೂ ತಾತ ಎಂದು ಕರೆಯುವ ಹಿರಿಯ ಪ್ರೋಗ್ರಾಮರ್ ಕೆಮ್ಮಿ, ತಾವು ಹರೆಯದಿಂದ ಬಳಸುತ್ತ ಬಂದಿದ್ದ ಹಳೆಯ ಪ್ಲಾಟ್‌ಫಾರಂ ಒಂದರ ಹೆಸರು ಹೇಳಿದರು. ಕೂತವರಿಗೆ ಹೋದ ಜೀವ ಬಂದಂತಾಯಿತು.

"ಸೂಪರ್ ತಾತ, ಅದೇ ಇರ್ಲಿ!"

ಅದನ್ನು ತಯಾರಿಸಿದ ಕಂಪನಿ ಮುಂದಿನ ವರ್ಷ ಕೈಬಿಡಲಿದೆ, ಆಮೇಲೆ ಹ್ಯಾಕರ್‌ಗಳು ಕನ್ನ ಹಾಕಿದರೂ ಕೇಳುವವರಿಲ್ಲ ಎಂಬುದು ಮುಖ್ಯಸ್ಥೆಗೆ ಗೊತ್ತಿತ್ತು. ಆದರೆ ಬೇಡವೆಂದರೆ ಬೇರೊಂದನ್ನು ಅವಳೇ ಸೂಚಿಸಬೇಕು. ಅವಳು ಹಲಗೆಯ ಮೇಲೆ ಆ ಹೆಸರನ್ನೇ ಬರೆದಳು.

ಉಳಿದವರು ಹೊರಟ ಮೇಲೆ ತಾತ ನಿಧಾನವಾಗಿ ಎದ್ದರು.

"ಅದರ ಆಯಸ್ಸು ಮುಗೀತು ಅಂತ ನಂಗೂ ಗೊತ್ತಮ್ಮ. ನೀನಾದ್ರೂ ಬೇಡ ಅಂತೀಯೇನೋ ಅಂತ ಹೇಳಿ ನೋಡ್ದೆ."

ಅವಳ ಕೈ ಹಲಗೆ ಒರೆಸುವ ಬಟ್ಟೆಯತ್ತ ಹೋಯಿತು. ಅರ್ಧಕ್ಕೇ ನಿಂತಿತು. ತನ್ನ ಕೊರಳನ್ನೊಮ್ಮೆ ಸವರಿಕೊಂಡು, ಹಲಗೆಯ ಮೇಲಿನ ಹೆಸರನ್ನು ಹಾಗೇ ಬಿಟ್ಟು, ಅವಳು ದೀಪ ಆರಿಸಿದಳು.