ಗೆಣ್ಣಿಗೆ ಸಿಗದ ನಾದ

"ತಟ್ಟಬೇಡಿ ಅಂತ ಎಷ್ಟು ಸಲ ಹೇಳೂದು ಮಾರಾಯ್ರೆ? ಪಾಲಿಶ್ ಹೋಗ್ತದೆ!" ಅಂಗಡಿಯ ಶ್ರೀಧರ ರೇಗಿದ.

"ತೆಂಗಿನಕಾಯನ್ನೂ ತಟ್ಟಿಯೇ ತಕೊಳ್ಳೂದು ನಾವು. ಸುಮ್ನೆ ದುಡ್ಡು ಸುರಿಯೂಕೆ ನನಗೆಂತ ಹುಚ್ಚಾ?"

ಕುಮಟಾದ ವಾದ್ಯದಂಗಡಿಯಲ್ಲಿ ಬೀರಪ್ಪ ಮೂರನೆಯ ಎಲೆಕ್ಟ್ರಿಕ್ ಗಿಟಾರಿಗೂ ಬೆರಳ ಗೆಣ್ಣಿನಿಂದ ಕುಟ್ಟಿದ. ಟಪ್. ಮೊದಲಿನೆರಡೂ ಹಾಗೇ ಅಂದಿದ್ದವು.

"ಮೂರೂ ಸತ್ತಿದ್ದಾವೆ. ಹೊಟ್ಟೆಯೇ ಇಲ್ಲ. ಹಲಗೆಗೆ ತಂತಿ ಕಟ್ಟಿ ಮಾರ್ತೀರಲ್ಲ!"

"ಅಪ್ಪಾ, ಇದ್ರ ಸ್ವರ ಹೊಟ್ಟೆಯಿಂದ ಬರೂದಲ್ಲ, ಕರೆಂಟಿಂದ," ಎಂದಳು ಮಗಳು ವಿನುತಾ.

"ಕರೆಂಟ್ ಹೋದ್ರೆ? ಮಂಗನ ಹಾಗೆ ಹಲ್ಲು ಕಿರಿದು ನಿಲ್ತೆಯಾ?"

ಊರಲ್ಲಿ ಯಾರಿಗೆ ಮಣ್ಣಿನ ಹೊಸ ಗುಮಟೆ ವಾದ್ಯ ಬೇಕಾದರೂ ಕುಂಬಾರನ ಮನೆಗೆ ಬೀರಪ್ಪ ಜೊತೆಗೆ ಬೇಕು. ಸಾಲಾಗಿಟ್ಟ ಗಡಿಗೆಗಳಿಗೆ ಕುಟ್ಟುತ್ತ ಹೋಗಿ, ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಲ್ಲೇ ಹಿಡಿಯುತ್ತಿದ್ದ. ಅವನು ಆರಿಸಿದ ಗಡಿಗೆಗೆ ಚರ್ಮ ಬಿಗಿದರೆ ಸುಗ್ಗಿ ಕುಣಿತದ ಸದ್ದು ಗುಡ್ಡದಾಚೆಗೂ ಕೇಳುತ್ತಿತ್ತು.

ವಿನುತಾಳ ಅವಸರವೇ ಬೇರೆ. ಭಟ್ಕಳದ ಆರ್ಕೆಸ್ಟ್ರಾದಲ್ಲಿ ಅವಳು ನುಡಿಸುತ್ತಿದ್ದದ್ದು ಎರವಲು ಗಿಟಾರು. ಅದರ ಒಡೆಯ ವಾಪಸು ಕೇಳಿದ್ದ. ಭಾನುವಾರದ ಮದುವೆಗೆ ಸ್ವಂತದ್ದು ತರದಿದ್ದರೆ ಅವಳ ಜಾಗಕ್ಕೆ ಇನ್ನೊಬ್ಬರು. ಅವಳ ಉಳಿತಾಯಕ್ಕೆ ಮೂರರಲ್ಲಿ ಅಗ್ಗದ್ದು ಮಾತ್ರ ಸಿಗುತ್ತಿತ್ತು. ಅಪ್ಪನ ಪಾಲು ಸೇರಿದರೆ ನಡುವಿನ ಬೆಲೆಯದು.

ಅಗ್ಗದ್ದನ್ನು ನುಡಿಸಿ ನೋಡಿದಳು. ತಂತಿ ಎಳೆದು ಬಿಟ್ಟದ್ದೇ ಶ್ರುತಿ ಜಾರಿತು. ತಿರುಪಿ ಸರಿಮಾಡಿದರೆ ಮತ್ತೆ ಜಾರಿತು. ನಡುವಿನದರ ಶ್ರುತಿ ಎಷ್ಟು ಎಳೆದರೂ ಕದಲಲಿಲ್ಲ. ಅದರಲ್ಲಿ ಅಜ್ಜಿ ಹನುಮಕ್ಕನ ಗದ್ದೆ ನಾಟಿಯ ಹಾಡೊಂದನ್ನು ನುಡಿಸಿದಳು. ಬೀರಪ್ಪನ ಬೆರಳು ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. ಅದು ಗೊತ್ತಾದದ್ದೇ ಮುಷ್ಟಿ ಬಿಗಿದ.

"ಹಾಗಾದ್ರೆ ದೊಡ್ಡ ಬೆಲೆಯದನ್ನೇ ತಕೋ. ಬೀರಪ್ಪನ ಮಗಳು ನಡುವಿನದು ತಂದ್ಳು ಅನ್ನೂದು ಬೇಡ."

"ಅದ್ರಲ್ಲಿ ಹೆಚ್ಚಿಗೆ ಇರೂದು ಹೆಸರು, ಹೊಳಪು. ನನ್ನ ಕೆಲ್ಸಕ್ಕೆ ಇದೇ ಸಾಕು. ಉಳಿದ ದುಡ್ಡಿಗೆ ಕಂತು ಕಟ್ಟೂದು ಯಾರು?"

"ನನಗೇ ನಾದ ಕಲಿಸ್ತೆಯಾ?"

"ಇದು ಗುಮಟೆ ಅಲ್ಲ ಅಪ್ಪಾ. ನಿನ್ನ ಗೆಣ್ಣಿಗೆ ಇಲ್ಲಿ ಕೆಲ್ಸ ಇಲ್ಲ."

ಶ್ರೀಧರ ನಕ್ಕುಬಿಟ್ಟ. ಅಷ್ಟೇ ಸಾಕಾಯಿತು.

"ಆತು. ಕೆಲ್ಸ ಇಲ್ದವ ಇಲ್ಲಿ ಎಂತಕ್ಕೆ?"

ಬೀರಪ್ಪ ಚಪ್ಪಲಿ ಮೆಟ್ಟಿ ಹೊರಬಿದ್ದ. ಹಿಂದಿನಿಂದ ವಿನುತಾ ಕೂಗಿದಳು. ಅವನು ತಿರುಗಿ ನೋಡಲಿಲ್ಲ.

ಊರಿನ ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗದೆ ನಿಂತೇ ಇದ್ದ. ಜೇಬಿನಲ್ಲಿ ಮೊಬೈಲು ನಡುಗಿ ನಡುಗಿ ಸುಮ್ಮನಾಯಿತು. ಹೊನ್ನಾವರ ದಾಟಿ ಬಸ್ಸು ಶರಾವತಿ ಸೇತುವೆ ಏರಿದಾಗ, ಕಂಬಿಗೆ ಕುಟ್ಟುತ್ತಿದ್ದ ತನ್ನ ಬೆರಳು ಅದೇ ನಾಟಿ ಹಾಡಿನ ತಾಳ ಹಿಡಿದಿದೆ ಎಂದು ಹೊಳೆಯಿತು. ಸರಕ್ಕನೆ ಕೈಯನ್ನು ಜೇಬಿಗೆ ತುರುಕಿದ. ನೋಟಿನ ಕಟ್ಟು ತಾಗಿತು. ಅವಳ ಗಿಟಾರಿಗೆಂದು ತಂದ ತನ್ನ ಪಾಲು, ಕೊಡದೇ ಉಳಿದದ್ದು.

ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಂತಿತು. ರಸ್ತೆಯಾಚೆ ಕುಮಟಾ ಕಡೆಯ ಬಸ್ಸು ಜನ ಹತ್ತಿಸಿಕೊಳ್ಳುತ್ತಿತ್ತು.

"ಇಳಿಯೂದುಂಟಾ?" ಕಂಡಕ್ಟರ್ ಕೇಳಿದ.

"ಇಲ್ಲ," ಎಂದ ಬೀರಪ್ಪ.