ಏಣಿಗೆ ಸಿಕ್ಕಿಸಿದ ಕಾಲು

ಚಗಳಿ ಒಂದು, ಕೆಂಪು ಇರುವೆ, ಹಿಮ್ಮಡಿ ಬಳಸಿ ಪಾದದ ಮೇಲೆ ಹತ್ತುತ್ತಿದೆ, ಹತ್ತಲಿ, ಓಡಿಸುವುದಿಲ್ಲ, ಕಾಫಿ ಗಿಡದ ಬುಡದಲ್ಲಿ ಕಾಲು ಚಾಚಿ ಕೂತವನಿಗೆ ಅದೂ ಒಂದು ನೆಂಟ — ಮೂರು ತಿಂಗಳಾಯಿತು, ಈ ಬಲಪಾದದ ಮೇಲೆ ಏನು ಹರಿದರೂ ಕಣ್ಣಿಗೆ ಗೊತ್ತು, ಚರ್ಮಕ್ಕೆ ಗೊತ್ತಿಲ್ಲ, ಎಲ್ಲ ನನ್ನ ಸೊಕ್ಕು, ಫೆಬ್ರವರಿಯಲ್ಲಿ ಕಾಳುಮೆಣಸು ಕುಯ್ಯುವಾಗ ಉಳಿದವರು ಇಳಿದಿಳಿದು ಏಣಿ ಸರಿಸುತ್ತಿದ್ದರು, ನಾನು ಮಂಡಿಯನ್ನು ಬಿದಿರಿನ ಮೆಟ್ಟಿಲಿಗೆ ಸಿಕ್ಕಿಸಿ, ಎರಡೂ ಕೈ ಬಿಟ್ಟು, ಮಧ್ಯಾಹ್ನದವರೆಗೆ ಬಳ್ಳಿ ಹಬ್ಬಿದ ಸಿಲ್ವರ್ ಮರದಲ್ಲೇ ನೇತಾಡಿದೆ, ತಿತಿಮತಿ ಕಡೆ ನನ್ನಂಥವನಿಲ್ಲ ಎಂದುಕೊಂಡು ಇಳಿದು ನಾಲ್ಕು ಹೆಜ್ಜೆ ಹಾಕುತ್ತೇನೆ, ಹಿಂದಿನಿಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂಗಿದ, ಏ ಪುಟ್ಟರಾಜು, ನಿನ್ ಚಪ್ಪಲಿ ಅಲ್ಲೇ ಉಳೀತಲ್ಲ ಮಾರಾಯ, ನೋಡಿದರೆ ಹೌದು, ಪಾದ ಜೋತುಬಿದ್ದಿದೆ, ಹೆಬ್ಬೆರಳು ನೆಲ ಗೀರುತ್ತಿದೆ.

ಈಗ ನಗು ಬರುತ್ತದೆ, ಅವತ್ತು ಅತ್ತಿದ್ದೆ, ಪೊನ್ನಂಪೇಟೆಯ ಫಿಸಿಯೋ ಧನುಶ್ರೀ ಮಂಡಿಯ ಹೊರಬದಿಯ ಗುಬುಟು ಒತ್ತಿ ಅಂದಳು, ಪಾದ ಎತ್ತೋ ನರ ಈ ಮೂಳೆ ಸುತ್ತಿ ಹೋಗುತ್ತೆ ಅಣ್ಣ, ಮೇಲೆ ಬರೀ ಚರ್ಮ, ನೀವು ಮೈಭಾರಾನೆಲ್ಲ ಅಲ್ಲೇ ಹಾಕಿದ್ರಿ, ಹಿಂದಿನ ಮೀನಖಂಡ ಗಟ್ಟಿಮುಟ್ಟಾಗಿದೆ, ತುಳಿಯುತ್ತೆ, ಮುಂದಿನ ಎತ್ತೋ ಸ್ನಾಯು ಮಲಗಿಬಿಟ್ಟಿದೆ — ಏಣಿ ಹತ್ತಬಹುದಾ ಅಂದೆ, ಮೊದಲು ಹೆಬ್ಬೆರಳು ಏಳಲಿ, ಆಮೇಲೆ ಏಣಿ ಅಂದಳು, ಅಂದಿನಿಂದ ಏಳು ಏಳು ಎಂದು ಅದನ್ನೇ ಗದರಿಸುತ್ತೇನೆ, ಹೆಂಡತಿ ರಾಮಮ್ಮ ಹಳೇ ಸೀರೆಯ ಅಂಚು ಹರಿದು, ನಡೆಯುವಾಗ ಜೋಲದಂತೆ ಪಾದವನ್ನು ಮಂಡಿಗೆ ಎಳೆದು ಕಟ್ಟುತ್ತಾಳೆ, ಎತ್ತಿಗೆ ಮೂಗುದಾರ, ನಿನಗಿದು ಎಂದು ಹಂಗಿಸುತ್ತಾಳೆ, ಹೇಳಬಾರದು, ಸುಖವಾಗೇ ಇದ್ದೇನೆ, ಇಪ್ಪತ್ತು ವರ್ಷ ಮರದ ತುದಿಯಿಂದ ಅವಳ ತಲೆವಸ್ತ್ರವನ್ನಷ್ಟೇ ನೋಡಿದವನು ಈಗ ಅವಳು ಕಳೆ ಕೀಳುವುದನ್ನು ನೋಡುತ್ತ ಕೂರುತ್ತೇನೆ, ಒಂದೇ ಡಬ್ಬಿಯಲ್ಲಿ ಊಟ, ಆದರೂ ಒರಗಿಸಿಟ್ಟ ಆ ಏಣಿ ಕಂಡರೆ ಮುಖ ತಿರುಗಿಸುತ್ತೇನೆ, ಏಣಿಯಿಲ್ಲದೆ ನಾನು ಯಾರು, ಮುಂದಿನ ಕುಯ್ಲಿಗೆ ನನ್ನನ್ನು ಯಾರು ಕರೆಯುತ್ತಾರೆ, ಚಗಳಿ ಎಲ್ಲಿ ಹೋಯಿತು, ಓ ಅಲ್ಲಿ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿನಲ್ಲಿ, ತಲೆ ತಗ್ಗಿಸಿತು, ಕಚ್ಚುತ್ತಿದೆ, ಕಚ್ಚು, ಗೊತ್ತಾಗುವುದಿಲ್ಲ — ಉರಿ, ಅಯ್ಯೋ ಉರಿ, ಯಾರಿಗೆ, ನನಗೇ, ನನ್ನ ಕಾಲಿಗೇ, ರಾಮಮ್ಮನನ್ನು ಕೂಗಬೇಕು, ಬಾಯಿ ಏಳುತ್ತಿಲ್ಲ, ಎದ್ದದ್ದು ಅದು, ಜೋತಿದ್ದಲ್ಲಿಂದ ಒಂದು ಕಾಳುಮೆಣಸಿನಷ್ಟು ಮೇಲೆ, ಹೆಬ್ಬೆರಳು, ಅದರ ತುದಿಯಲ್ಲಿ ಚಗಳಿ, ಹೆಬ್ಬೆರಳು